ನೀರು ಬೆರೆತ ಮೇಲೆ

ಯಾವುದೋ ವಸ್ತು ತಾಗಿದ್ದರಿಂದ ಚರ್ಮಕ್ಕೆ ಬರುವ ಅಲರ್ಜಿಗಳನ್ನು ಅಭ್ಯಾಸ ಮಾಡುವ ವೈದ್ಯರ ಸಂಘವೊಂದು ಅಮೆರಿಕದಲ್ಲಿದೆ. ಹೆಸರು ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ. ಈ ಸಂಘ ವರ್ಷಕ್ಕೊಂದು ವಸ್ತುವನ್ನು ಆರಿಸಿ ಅದಕ್ಕೆ ‘ವರ್ಷದ ಅಲರ್ಜಿಕಾರಕ’ ಎಂಬ ಬಿರುದು ಕೊಡುತ್ತದೆ. ಬಿರುದು ಸಿಕ್ಕಿತೆಂದರೆ ವೈದ್ಯರೆಲ್ಲ ಆ ವಸ್ತುವಿನ ಮೇಲೆ ಕಣ್ಣಿಡಿ ಎಂದರ್ಥ. 2019ರಲ್ಲಿ ಮಾತ್ರ ಸಂಘ ವಿಚಿತ್ರವಾದ ಕೆಲಸ ಮಾಡಿತು. ಆ ವರ್ಷ ಅದು ಹೆಸರಿಸಿದ್ದು ‘ವರ್ಷದ ಅಲರ್ಜಿಕಾರಕವಲ್ಲದ ವಸ್ತು’ವನ್ನು. ಆ ವಸ್ತು ಪ್ಯಾರಾಬೆನ್.

ಬೆಂಗಳೂರಿನ ಯಾವುದೇ ದೊಡ್ಡ ಅಂಗಡಿಯ ಶಾಂಪೂ ಸಾಲಿನ ಮುಂದೆ ನಿಂತವರಿಗೆ ಈ ಹೆಸರು ಹೊಸದಲ್ಲ. ಆದರೆ ಅದು ಅಲ್ಲಿ ಕಾಣುವುದು ‘ಪ್ಯಾರಾಬೆನ್ ಇಲ್ಲ’ ಎಂಬ ಘೋಷಣೆಯಾಗಿ. ಬಾಟಲಿಯ ಒಳಗೇನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದೇ ದಪ್ಪಕ್ಷರದಲ್ಲಿರುತ್ತದೆ. ಒಂದು ಕಡೆ ಅಲರ್ಜಿ ವೈದ್ಯರು ಇದು ನಿರಪಾಯಕಾರಿ ಎಂದು ಬಿರುದು ಕೊಡುತ್ತಿದ್ದಾರೆ, ಇನ್ನೊಂದು ಕಡೆ ಮಾರುವವರು ಅದು ನಮ್ಮಲ್ಲಿಲ್ಲ ಎಂದು ಆಣೆ ಇಡುತ್ತಿದ್ದಾರೆ. ಈ ವೈರುಧ್ಯ ಹುಟ್ಟಿದ ಬಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ, ಕ್ರೀಮಿಗೆ ನೀರು ಸೇರಿದ ಕಾಲಕ್ಕೆ ಹೋಗಬೇಕು.

ಹಳೆಯ ಕಾಲದ ಪ್ರಸಾಧನಗಳಲ್ಲಿ ಬಹುಪಾಲಿನವಕ್ಕೆ ಕೆಡುವ ಚಿಂತೆಯೇ ಇರಲಿಲ್ಲ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಕಪ್ಪನ್ನು ತುಪ್ಪದಲ್ಲೋ ಎಣ್ಣೆಯಲ್ಲೋ ಕಲಸಿದರೆ ಕಾಡಿಗೆ, ಅದರಲ್ಲಿ ನೀರಿಲ್ಲ. ಸೀಗೆಪುಡಿ, ಕಡಲೆಹಿಟ್ಟು, ಅರಿಸಿನ ಒಣಪುಡಿಗಳು. ಬೇಕಾದಾಗ ನೀರಲ್ಲಿ ಕಲಸಿ, ಹಚ್ಚಿ, ಉಳಿದದ್ದನ್ನು ಚೆಲ್ಲಿದರಾಯಿತು. ಗಂಧವನ್ನು ಸಾಣೆಕಲ್ಲಿನ ಮೇಲೆ ತೇಯುವುದು ಅಂದಂದಿನ ಅಗತ್ಯಕ್ಕಷ್ಟೆ, ಡಬ್ಬಿಯಲ್ಲಿ ತುಂಬಿಡುವುದಕ್ಕಲ್ಲ. ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುವುದಕ್ಕೆ ನೀರು ಬೇಕು. ನೀರಿಲ್ಲದ ಕಡೆ ಎಣ್ಣೆ ಹಳತಾಗಿ ಕಮಟು ವಾಸನೆ ಹೊಡೆಯಬಹುದು, ಆದರೆ ಅದು ಗಾಳಿಯಲ್ಲಿನ ಆಮ್ಲಜನಕದ ಕೆಲಸ. ಜೀವಿಗಳ ಹಾವಳಿಯೇ ಬೇರೆ. ಅಚ್ಚಿನ ಸಾಬೂನಿಗೂ ಇದೇ ರಕ್ಷೆ. ಮೈಸೂರು ಸ್ಯಾಂಡಲ್ ಸೋಪನ್ನು ವರ್ಷಗಟ್ಟಲೆ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟರೂ ಅದು ಕೊಳೆಯುವುದಿಲ್ಲ. ಅದರಲ್ಲಿ ನೀರು ಕಡಿಮೆ, ಕ್ಷಾರ ಹೆಚ್ಚು.

ಎಣ್ಣೆ ಮತ್ತು ನೀರನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿದ ಹೆಗ್ಗಳಿಕೆಯನ್ನು ಪಾಶ್ಚಾತ್ಯ ವೈದ್ಯ ಪರಂಪರೆ ಕ್ರಿ.ಶ. 2ನೇ ಶತಮಾನದ ಗೇಲನ್‌ಗೆ ಕೊಡುತ್ತದೆ. ಪೆರ್ಗಮಮ್‌ನಲ್ಲಿ ಹುಟ್ಟಿ ರೋಮಿನಲ್ಲಿ ಹೆಸರು ಮಾಡಿದ ಈ ವೈದ್ಯ ಜೇನುಮೇಣ, ಆಲಿವ್ ಎಣ್ಣೆ ಮತ್ತು ಪನ್ನೀರನ್ನು ಕಡೆದು ಒಂದು ಮುಲಾಮು ಮಾಡಿದ. ಹಚ್ಚಿದಾಗ ಅದರಲ್ಲಿನ ನೀರು ಆರಿ ಚರ್ಮ ತಂಪಾಗುತ್ತಿತ್ತು. ‘ಕೋಲ್ಡ್ ಕ್ರೀಮ್’ ಎಂಬ ಹೆಸರು ಬಂದದ್ದು ಆ ತಂಪಿನಿಂದ. ಮುಂದಿನ ಹಲವು ನೂರು ವರ್ಷ ಯುರೋಪಿನ ಔಷಧಿ ಅಂಗಡಿಗಳವರು ಇದನ್ನೇ ಅಷ್ಟಿಷ್ಟು ಬದಲಿಸಿ ಮಾಡುತ್ತಿದ್ದರು. ಅದರ ಆಯುಷ್ಯ ಬಹಳ ಕಡಿಮೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡಿ ಮಾರುತ್ತಿದ್ದರು. ಕ್ರೀಮು ಎನ್ನುವುದು ಆಗ ಹೂವು, ಹಾಲಿನ ಹಾಗೆ ಇವತ್ತಿನದು ಇವತ್ತಿಗೆ.

ಕೆಡದಂತೆ ತಡೆಯುವ ಉಪಾಯಗಳೂ ಇದ್ದವು. ಅವುಗಳಲ್ಲಿ ಒಂದು ನಮಗೆ ಮನೆಯೊಳಗಿನ ಪರಿಚಯ. ದೇವರ ಕೋಣೆಯಲ್ಲಿ, ದರ್ಗಾದಲ್ಲಿ, ಎರೆದ ಮೇಲೆ ಕೂಸಿನ ಕೂದಲಿಗೆ ಹಾಕುವ ಹೊಗೆಯ ಸಾಂಬ್ರಾಣಿ. ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಬೇರೆ ಬೇರೆ ಅಂಟುಗಳನ್ನು ಮಾರುತ್ತಾರೆ. ನಾನು ಹೇಳುತ್ತಿರುವುದು ಸುಮಾತ್ರಾ ಮತ್ತು ಸಿಯಾಮ್ ಕಡೆಯ ಸ್ಟೈರಾಕ್ಸ್ ಮರಗಳ ಅಂಟು. ಅರಬ್ ವ್ಯಾಪಾರಿಗಳು ಅದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಲೋಬಾನ ಎಂದರು. ಯುರೋಪಿನ ಬಾಯಲ್ಲಿ ಅದು ಬೆಂಜಾಯ್ ಆಗಿ, ಬೆಂಜೊಯಿನ್ ಆಯಿತು. ಅದರ ಟಿಂಚರನ್ನು ಪನ್ನೀರಿಗೆ ಹನಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಯುರೋಪಿನ ಹೆಂಗಸರು ಮುಖಕ್ಕೆ ಹಚ್ಚುತ್ತಿದ್ದ ಈ ದ್ರವಕ್ಕೆ ‘ಕನ್ಯೆಯ ಹಾಲು’ ಎಂದು ಹೆಸರು. ಔಷಧಿ ಅಂಗಡಿಯವರು ಮುಲಾಮಿಗೆ ಬಳಸುವ ಹಂದಿಕೊಬ್ಬಿಗೆ ಇದೇ ಅಂಟನ್ನು ಹಾಕಿ ಕಾಯಿಸಿ ಸೋಸುತ್ತಿದ್ದರು, ಕೊಬ್ಬು ಬೇಗ ಕಮಟದಿರಲಿ ಎಂದು. ಭವಿಷ್ಯ ಹೇಳಿ ಹೆಸರಾದ ನಾಸ್ಟ್ರಡಾಮಸ್ 1555ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರ ವಿಷಯ ಲೋಕದ ಅಂತ್ಯವಲ್ಲ, ಪ್ರಸಾಧನಗಳು ಮತ್ತು ಹಣ್ಣಿನ ಮುರಬ್ಬಗಳು. ಮುಖಕ್ಕೆ ಹಚ್ಚುವುದನ್ನೂ ಬಾಯಿಗೆ ಹಾಕುವುದನ್ನೂ ಒಂದೇ ಪುಸ್ತಕದಲ್ಲಿ ಹೇಳಿದ್ದು ವಿವೇಕವೇ. ಎರಡರ ಶತ್ರುವೂ ಒಂದೇ.

ಬೆಂಜೊಯಿನ್ ಅಂಟನ್ನು ಕಾಯಿಸಿದಾಗ ಆವಿಯಾಗಿ ಮೇಲೆದ್ದು ಸೂಜಿಯಂಥ ಹರಳುಗಳಾಗಿ ಕೂಡುವ ವಸ್ತುವೇ ಬೆಂಜೋಯಿಕ್ ಆಮ್ಲ. 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞರು ಅದನ್ನೂ ಅದರ ನೆಂಟನಾದ ಸ್ಯಾಲಿಸಿಲಿಕ್ ಆಮ್ಲವನ್ನೂ ಕಾರ್ಖಾನೆಯಲ್ಲಿ ತಯಾರಿಸುವುದನ್ನು ಕಲಿತರು. ಎರಡೂ ಬೂಷ್ಟನ್ನು ತಡೆಯುತ್ತಿದ್ದವು. ಇಲ್ಲಿಂದಾಚೆಗೆ ಮರವೂ ಬೇಡ, ಜಾವಾದ ಹಡಗೂ ಬೇಡ. ಆದರೆ ಬೆಂಜೋಯಿಕ್ ಆಮ್ಲಕ್ಕೆ ಒಂದು ಹಟ ಇತ್ತು. ಹುಳಿಯಿದ್ದ ಕಡೆ ಮಾತ್ರ ಅದು ಕೆಲಸ ಮಾಡುತ್ತದೆ. ಉಪ್ಪಿನಕಾಯಿ, ಹಣ್ಣಿನ ರಸ, ಸಾಸುಗಳಲ್ಲಿ ಅದಕ್ಕೆ ಇವತ್ತಿಗೂ ಜಾಗವಿರುವುದು ಅದರಿಂದಲೇ. ಹುಳಿಯಿಲ್ಲದಿದ್ದರೆ ಅದು ಉಪ್ಪಾಗಿ ನೀರಿನಲ್ಲಿ ಕರಗಿ ಸುಮ್ಮನಾಗುತ್ತದೆ. ಸೂಕ್ಷ್ಮಜೀವಿಯ ಗೋಡೆ ದಾಟಿ ಒಳಗೆ ಹೋಗುವುದೇ ಇಲ್ಲ.

ಇದೇ ಹೊತ್ತಿಗೆ ಪ್ರಸಾಧನದ ಲೋಕಕ್ಕೆ ಬಂದದ್ದು ನಮ್ಮ ಅಜ್ಜಿಯರ ಕಾಲದ ‘ಸ್ನೋ’. ಲಂಡನ್ನಿನ ಬರೋಸ್ ವೆಲ್ಕಮ್ ಕಂಪನಿ 1892ರಲ್ಲಿ ತಂದ ಹೇಜಲಿನ್ ಸ್ನೋ ಭಾರತದಲ್ಲಿ ಮನೆಮಾತಾಯಿತು; ಆಮೇಲೆ ಬೊಂಬಾಯಿಯ ಪಟಾಣ್‌ವಾಲಾ ಅವರ ಅಫ್ಘಾನ್ ಸ್ನೋ ಬಂತು. ಕನ್ನಡದಲ್ಲಿ ‘ಸ್ನೋ ಪೌಡರ್’ ಎನ್ನುವುದು ಅಲಂಕಾರಕ್ಕೇ ಇನ್ನೊಂದು ಹೆಸರಾಗಿಬಿಟ್ಟಿತು. ಸ್ನೋ ಎಂದರೆ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಂಶಕ್ಕೆ ಸ್ವಲ್ಪ ಕ್ಷಾರ ಹಾಕಿ ಅರ್ಧಂಬರ್ಧ ಸಾಬೂನು ಮಾಡಿ, ಅದರಲ್ಲಿ ಬೇಕಾದಷ್ಟು ನೀರನ್ನು ಹಿಡಿದಿಟ್ಟದ್ದು. ಹಚ್ಚಿದ ಕೂಡಲೇ ಮಾಯವಾಗುವ, ಜಿಡ್ಡಿಲ್ಲದ ಆ ಬಿಳುಪಿನಲ್ಲಿ ಬಹುಪಾಲು ನೀರೇ. ತಯಾರಕರಿಗೆ ಇದರಂಥ ಲಾಭದ ವಸ್ತು ಇನ್ನೊಂದಿಲ್ಲ, ನೀರನ್ನೇ ಡಬ್ಬಿಯಲ್ಲಿ ತುಂಬಿ ಮಾರಬಹುದು. ಬೂಷ್ಟಿಗೂ ಅಷ್ಟೇ ಹಬ್ಬ. ಸಾಬೂನಿನ ಗುಣದ ಈ ಕ್ರೀಮು ಕ್ಷಾರದ ಕಡೆ ವಾಲುತ್ತಿದ್ದುದರಿಂದ ಬೆಂಜೋಯಿಕ್ ಆಮ್ಲ ಇಲ್ಲಿ ನಿಷ್ಪ್ರಯೋಜಕ.

ಉತ್ತರ ಬಂದದ್ದು 1920ರ ದಶಕದ ಜರ್ಮನಿಯಿಂದ. ಥಿಯೋಡೋರ್ ಸಬಾಲಿಟ್ಷ್ಕಾ ಎಂಬ ಔಷಧ ರಸಾಯನಶಾಸ್ತ್ರಜ್ಞ ಬೆಂಜೋಯಿಕ್ ಆಮ್ಲದ ಒಂದು ಮರಿಯನ್ನು, ಪ್ಯಾರಾ-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲವನ್ನು, ಆಲ್ಕೋಹಾಲುಗಳ ಜೊತೆ ಬೆಸೆದು ನೋಡಿದ. ಆಮ್ಲದ ಯಾವ ತುದಿ ಕ್ಷಾರಕ್ಕೆ ಸಿಕ್ಕು ಸೋಲುತ್ತಿತ್ತೋ ಆ ತುದಿಗೆ ಒಂದು ಮುಚ್ಚಳ ಹಾಕಿದಂತಾಯಿತು. ಈಗ ಅದು ಹುಳಿಯಲ್ಲೂ, ತಟಸ್ಥ ದ್ರವದಲ್ಲೂ, ತುಸು ಕ್ಷಾರದಲ್ಲೂ ಕೆಲಸ ಮಾಡುತ್ತಿತ್ತು. ಬಣ್ಣವಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬೆಲೆಯೂ ಅಗ್ಗ. ಮೀಥೈಲ್ ರೂಪ ನೀರಿನಲ್ಲಿ ಸುಮಾರಾಗಿ ಕರಗುತ್ತದೆ, ಕಾಯುವ ಬಲ ಸಾಧಾರಣ. ಪ್ರೋಪೈಲ್ ರೂಪ ಕರಗುವುದು ಕಡಿಮೆ, ಬಲ ಹೆಚ್ಚು. ಹಾಗಾಗಿ ಎರಡನ್ನೂ ಕೂಡಿಸಿ ಬಳಸುವ ರೂಢಿ ಬಂತು. ನಿಪಾಜಿನ್, ನಿಪಾಸಾಲ್ ಎಂಬ ವ್ಯಾಪಾರದ ಹೆಸರುಗಳಲ್ಲಿ ಅವು ಮಾರುಕಟ್ಟೆಗೆ ಬಂದು, ಔಷಧಗಳಿಗೆ, ತಿನಿಸುಗಳಿಗೆ, ಕ್ರೀಮುಗಳಿಗೆ ಸೇರಿದವು. ಪ್ಯಾರಾಬೆನ್ ಎಂಬುದು ಈ ಕುಟುಂಬದ ಮೊಟಕು ಹೆಸರು. ಅದರ ‘ಬೆನ್’ನಲ್ಲಿ ಸಾಂಬ್ರಾಣಿಯ ಬೆಂಜೊಯಿನ್ ಇನ್ನೂ ಉಳಿದಿದೆ. ಜಾವಾದ ಅಂಟಿನ ಹೆಸರು ಬಾಟಲಿಯ ಮೇಲಿನ ‘ಇಲ್ಲ’ ಎಂಬ ಪಟ್ಟಿಯವರೆಗೆ ನಡೆದು ಬಂದಿದೆ.

ಆ ಕಾಲದಲ್ಲಿ ಪ್ರಸಾಧನಗಳ ಬಗ್ಗೆ ಸರ್ಕಾರಗಳ ಚಿಂತೆ ಬೇರೆ ಇತ್ತು. ಅಮೆರಿಕದಲ್ಲಿ 1933ರ ಸುಮಾರಿಗೆ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಸಿಕೊಂಡ ಹೆಂಗಸರ ಕಣ್ಣು ಹೋಯಿತು. ಆ ಪ್ರಕರಣಗಳ ಸುತ್ತ ಎದ್ದ ಕೂಗು 1938ರ ಕಾಯಿದೆಗೆ ಒಂದು ಕಾರಣವಾಯಿತು. ಅಲ್ಲಿ ತಪ್ಪಿತಸ್ಥನಾಗಿದ್ದದ್ದು ಬಣ್ಣದ ರಾಸಾಯನಿಕ. ನಮ್ಮಲ್ಲಿ 1940ರ ಔಷಧ ಕಾಯಿದೆಯೊಳಕ್ಕೆ ಪ್ರಸಾಧನಗಳನ್ನು ತಂದದ್ದು 1962ರ ತಿದ್ದುಪಡಿ. ಕ್ರೀಮಿನಲ್ಲಿ ಬದುಕುವ ಜೀವಿಗಳನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೆಟ್ಟ ಕ್ರೀಮು ವಾಸನೆ ಬರುತ್ತದೆ, ಎಸೆದರಾಯಿತು ಎಂಬ ಭಾವನೆ.

ಆದರೆ ಕೆಟ್ಟದ್ದೆಲ್ಲ ವಾಸನೆ ಬರುವುದಿಲ್ಲ. 1940ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ನವಜಾತ ಶಿಶುಗಳು ಧನುರ್ವಾಯುವಿನಿಂದ ತೀರಿಕೊಂಡವು. ಹುಡುಕಿದಾಗ ಮೂಲ ಸಿಕ್ಕಿದ್ದು ಹೊಕ್ಕುಳಿಗೆ ಉದುರಿಸುತ್ತಿದ್ದ ಟಾಲ್ಕ್ ಪುಡಿಯಲ್ಲಿ. ನೀರಿಲ್ಲದ ಪುಡಿಯಲ್ಲೂ ಆ ರೋಗಾಣುವಿನ ಬೀಜಕಗಳು ನಿದ್ದೆ ಮಾಡುತ್ತಾ ಕಾದಿರಬಲ್ಲವು. 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಲಾರ್ಸ್ ಕಾಲಿಂಗ್ಸ್ ಮತ್ತು ಸಂಗಡಿಗರು ಕಣ್ಣಿನ ಮುಲಾಮು ಮುಂತಾದ ಔಷಧಗಳನ್ನು ಪರೀಕ್ಷಿಸಿ, ಅವುಗಳೊಳಗೆ ಸೂಕ್ಷ್ಮಜೀವಿಗಳ ಸಂತೆಯೇ ನೆರೆದಿರುವುದನ್ನು 1966ರಲ್ಲಿ ವರದಿ ಮಾಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಚರ್ಮರೋಗಕ್ಕೆ ಹಚ್ಚುವ ಸ್ಟೀರಾಯ್ಡ್ ಕ್ರೀಮಿನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಗುಣವಾಗಲಿ ಎಂದು ಹುಣ್ಣಿನ ಮೇಲೆ ಹಚ್ಚಿದ್ದರಲ್ಲೇ ಸೋಂಕು.

ಮರುವರ್ಷ ಬಂದ ವರದಿ ಇನ್ನೂ ಮನಸ್ಸು ಕಲಕುವಂಥದ್ದು. ಅಮೆರಿಕದ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ರೋಗಿಗಳ ರಕ್ತಕ್ಕೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸೇರುತ್ತಿತ್ತು. ಜಾಡು ಹಿಡಿದು ಹೋದ ವೈದ್ಯರು ತಲುಪಿದ್ದು ಕೈಗೆ ಹಚ್ಚುವ ಕ್ರೀಮಿನ ಡಿಸ್ಪೆನ್ಸರಿಗೆ. ದಿನವಿಡೀ ಕೈ ತೊಳೆದು ತೊಳೆದು ಚರ್ಮ ಒಡೆಯುವ ಸಿಬ್ಬಂದಿಗೆಂದು ಇಟ್ಟಿದ್ದ ಕ್ರೀಮು ಅದು. ಶುಚಿಯಾಗಿ ತೊಳೆದ ಕೈಗೆ ಅದನ್ನು ಹಚ್ಚಿಕೊಂಡು ರೋಗಿಯ ಹಾಸಿಗೆಯ ಬಳಿಗೆ ಹೋಗುತ್ತಿದ್ದರು. ಇದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. 2006ರಲ್ಲಿ ಬಾರ್ಸಿಲೋನಾದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಐವರು ರೋಗಿಗಳಿಗೆ ಬುರ್ಖೋಲ್ಡೇರಿಯಾ ಸೋಂಕು ತಗುಲಿದಾಗ, ಅದು ಬಂದದ್ದು ಮೈಗೆ ಹಚ್ಚುವ ಲೋಷನ್ನಿನಿಂದ. ಆ ಬಾಟಲಿಗಳ ಪೈಕಿ ಮುಚ್ಚಳ ತೆರೆಯದವುಗಳಲ್ಲೂ ಬ್ಯಾಕ್ಟೀರಿಯಾ ಇತ್ತು.

ಮಸ್ಕಾರಾದ ಕತೆಯನ್ನೂ ಇಲ್ಲೇ ಹೇಳಬೇಕು. 1970ರ ದಶಕದಲ್ಲಿ ಅಟ್ಲಾಂಟಾದ ನೇತ್ರವೈದ್ಯ ಲೂಯಿ ವಿಲ್ಸನ್ ಮತ್ತು ಸೂಕ್ಷ್ಮಜೀವಿ ತಜ್ಞ ಡೊನಾಲ್ಡ್ ಅಹೆರ್ನ್ ಹೆಂಗಸರು ಬಳಸುತ್ತಿದ್ದ ಮಸ್ಕಾರಾ ಕೊಳವೆಗಳನ್ನು ಪರೀಕ್ಷಿಸುತ್ತಾ ಹೋದರು. ಮಸ್ಕಾರಾದ ಕಷ್ಟ ಅದರ ಬಳಕೆಯಲ್ಲೇ ಇದೆ. ಕುಂಚ ಕೊಳವೆಯಿಂದ ರೆಪ್ಪೆಗೆ, ರೆಪ್ಪೆಯಿಂದ ಮತ್ತೆ ಕೊಳವೆಗೆ, ದಿನಾ ಹೀಗೇ. ಪ್ರತಿ ಸಲವೂ ಚರ್ಮದ ಮೇಲಿನ ಒಂದಿಷ್ಟು ಜೀವಿಗಳು ಒಳಗಿಳಿಯುತ್ತವೆ. ಕೊಳವೆಯೊಳಗೆ ಕತ್ತಲೆ, ತೇವ, ತಿನ್ನಲು ಅಂಟುಗಳು. ಯಾವತ್ತೋ ಒಂದು ದಿನ ಕುಂಚ ಜಾರಿ ಕಣ್ಣಿನ ಪಾರದರ್ಶಕ ಪೊರೆಯನ್ನು ಗೀರುತ್ತದೆ. ಗೀರು ಸಣ್ಣದು, ಆದರೆ ಅದರೊಳಗೆ ಸ್ಯೂಡೊಮೊನಾಸ್ ಇಳಿದರೆ ಕಾರ್ನಿಯಾದ ಹುಣ್ಣು ಒಂದೆರಡು ದಿನದಲ್ಲೇ ದೃಷ್ಟಿಗೆ ಕುತ್ತು ತರಬಲ್ಲದು. ಅಂಥ ಪ್ರಕರಣಗಳನ್ನು ಅವರು 1977ರಲ್ಲಿ ನೇತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರ್ಖಾನೆಯಿಂದ ಶುಚಿಯಾಗಿ ಹೊರಟರೆ ಸಾಲದು, ತಿಂಗಳುಗಟ್ಟಲೆ ಬೆರಳು, ಕುಂಚ, ಬಚ್ಚಲುಮನೆಯ ಆವಿ ಎಲ್ಲವನ್ನೂ ಎದುರಿಸಿ ಶುಚಿಯಾಗಿಯೇ ಉಳಿಯಬೇಕು ಎಂಬುದು ಇಂಥ ಘಟನೆಗಳಿಂದ ಖಚಿತವಾಯಿತು.

ಅದನ್ನು ಅಳೆಯುವ ಪರೀಕ್ಷೆಗೆ ‘ಚಾಲೆಂಜ್ ಟೆಸ್ಟ್’ ಎಂದು ಹೆಸರು. ಹೊಸ ಕ್ರೀಮಿನೊಳಕ್ಕೆ ಬೇಕೆಂದೇ ಸೂಕ್ಷ್ಮಜೀವಿಗಳನ್ನು ಬಿಡುತ್ತಾರೆ. ಕರುಳಿನ ಇ. ಕೋಲಿ, ಚರ್ಮದ ಸ್ಟ್ಯಾಫಿಲೊಕಾಕಸ್, ನೀರಿನ ಸ್ಯೂಡೊಮೊನಾಸ್, ಕ್ಯಾಂಡಿಡಾ ಎಂಬ ಯೀಸ್ಟ್, ಆಸ್ಪರ್‌ಜಿಲಸ್ ಎಂಬ ಕಪ್ಪು ಬೂಷ್ಟು. ಆಮೇಲೆ 28 ದಿನಗಳವರೆಗೆ ಆಗಾಗ ತೆಗೆದು ಎಣಿಸುತ್ತಾರೆ. ಸಂಖ್ಯೆ ಗೊತ್ತುಮಾಡಿದ ವೇಗದಲ್ಲಿ ಕುಸಿಯಬೇಕು, ಮತ್ತೆ ಏಳಬಾರದು. ಪ್ಯಾರಾಬೆನ್ ಬೂಷ್ಟು ಮತ್ತು ಯೀಸ್ಟಿಗೆ ಒಳ್ಳೆಯ ಮದ್ದು, ಆದರೆ ಸ್ಯೂಡೊಮೊನಾಸ್‌ನ ಮುಂದೆ ಬಡಪಾಯಿ. ಆದ್ದರಿಂದ ಅದಕ್ಕೊಬ್ಬ ಜೊತೆಗಾರ ಬೇಕಾಯಿತು. ಪ್ರಸಾಧನಗಳ ಇತಿಹಾಸದಲ್ಲಿ ನಿಜವಾದ ಗಾಯಗಳು ಆದದ್ದು ಈ ಜೊತೆಗಾರರಿಂದ.

ಮೊದಲನೆಯವನು ಫಾರ್ಮಾಲ್ಡಿಹೈಡ್. ಶಾಲೆಯ ಪ್ರಯೋಗಶಾಲೆಯಲ್ಲಿ ಕಪ್ಪೆ, ಹಾವುಗಳನ್ನು ಮುಳುಗಿಸಿಟ್ಟ ಗಾಜಿನ ಜಾಡಿಗಳ ಘಾಟು ನೆನಪಿದ್ದವರಿಗೆ ಇದು ಗೊತ್ತು. ಅದನ್ನು ನೇರವಾಗಿ ಹಾಕಿದರೆ ವಾಸನೆ, ಉರಿ. ಅದಕ್ಕಾಗಿ ಅದನ್ನು ಇಷ್ಟಿಷ್ಟೇ ಬಿಡುವ ರಾಸಾಯನಿಕಗಳನ್ನು ಕಂಡುಹಿಡಿದರು: ಕ್ವಾಟರ್ನಿಯಂ-15, ಇಮಿಡಜೋಲಿಡಿನೈಲ್ ಯೂರಿಯಾ, ಡಿಎಂಡಿಎಂ ಹೈಡಾಂಟೊಯಿನ್. ಬ್ಯಾಕ್ಟೀರಿಯಾ ಸಾಯುತ್ತಿತ್ತು, ಆದರೆ ಅಲರ್ಜಿಯ ರೋಗಿಗಳು ಹೆಚ್ಚಿದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದು ಮುಖ್ಯವಾಗಿ ಉಸಿರಿನಲ್ಲಿ ಸೇದುವವರ ಅಪಾಯ. ಆದರೂ ಮಗುವಿನ ಶಾಂಪೂವಿನಲ್ಲಿ ಅದು ಒಂದಿಷ್ಟೇ ಆದರೂ ಏಕಿರಬೇಕು ಎಂದು ಜನ ಕೇಳಿದರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅಮೆರಿಕದ ಬಳಕೆದಾರರ ಒತ್ತಾಯಕ್ಕೆ ಮಣಿದು ತನ್ನ ಬೇಬಿ ಶಾಂಪೂವಿನಿಂದ ಕ್ವಾಟರ್ನಿಯಂ-15 ತೆಗೆದುಹಾಕಿತು. ಆ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಎರಡನೆಯವರು ಐಸೊಥಯಾಜೊಲಿನೋನ್‌ಗಳು. ಹೆಸರು ಉಚ್ಚರಿಸುವುದೇ ಒಂದು ಶಿಕ್ಷೆ. ವೈದ್ಯರು ಎಂಸಿಐ, ಎಂಐ ಎಂದು ಚುಟುಕಾಗಿ ಹೇಳುತ್ತಾರೆ. ಎಂಸಿಐ ಮೂರು ಪಾಲು, ಎಂಐ ಒಂದು ಪಾಲು ಬೆರೆತ ಮಿಶ್ರಣ 1980ರ ಸುಮಾರಿಗೆ ಪ್ರಸಾಧನಗಳಿಗೆ ಬಂತು. ಅತಿ ಕಡಿಮೆ ಪ್ರಮಾಣದಲ್ಲಿ ಎಲ್ಲ ಜೀವಿಗಳನ್ನೂ ಕೊಲ್ಲುವ ಅದ್ಭುತ ವಸ್ತು. ಕೆಲವೇ ವರ್ಷಗಳಲ್ಲಿ ಯುರೋಪಿನ ಚರ್ಮ ಚಿಕಿತ್ಸಾಲಯಗಳಲ್ಲಿ ಅಲರ್ಜಿಯ ಅಲೆ ಎದ್ದಿತು. ಮಿಶ್ರಣವನ್ನು ಹತ್ತು ಲಕ್ಷದಲ್ಲಿ 15 ಪಾಲಿಗೆ ಇಳಿಸಬೇಕಾಯಿತು. ಅದರ ಹಿಂದೆಯೇ ಮೀಥೈಲ್‌ಡೈಬ್ರೋಮೋ ಗ್ಲುಟರೋನೈಟ್ರೈಲ್ ಎಂಬ ಇನ್ನೊಂದು ಬಂದು, ಅದೂ ಅಲರ್ಜಿಯ ಅಲೆ ಎಬ್ಬಿಸಿ, 2000ದ ದಶಕದಲ್ಲಿ ಯುರೋಪಿನ ಪ್ರಸಾಧನಗಳಿಂದ ಪೂರ್ತಿ ನಿಷೇಧವಾಯಿತು. ಹೊಸದು ಬರುವುದು, ಜನರ ಚರ್ಮದ ಮೇಲೆ ಪರೀಕ್ಷೆಯಾಗುವುದು, ಹತ್ತು ವರ್ಷದ ಮೇಲೆ ಹಿಂದಕ್ಕೆ ಸರಿಯುವುದು. ಈ ಗಲಾಟೆಯ ನಡುವೆ ಪ್ಯಾರಾಬೆನ್ ಮಾತ್ರ ಮನೆಯ ಹಿರಿಯನ ಹಾಗೆ ಸದ್ದಿಲ್ಲದೆ ಕೂತಿತ್ತು. ಅದಕ್ಕೂ ಅಲರ್ಜಿ ಇರುವವರಿದ್ದರು, ಆದರೆ ಬಹಳ ವಿರಳ. ಅವರಲ್ಲೂ ಅನೇಕರಿಗೆ ಒಡೆದ, ಹುಣ್ಣಾದ ಚರ್ಮಕ್ಕೆ ಹಚ್ಚಿದಾಗ ತೊಂದರೆಯೇ ಹೊರತು ನೆಟ್ಟಗಿರುವ ಚರ್ಮಕ್ಕೆ ಹಚ್ಚಿದಾಗಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ಅಲೆಕ್ಸಾಂಡರ್ ಫಿಶರ್ 1973ರಲ್ಲಿ ಇದನ್ನು ‘ಪ್ಯಾರಾಬೆನ್ ವಿರೋಧಾಭಾಸ’ ಎಂದು ಕರೆದಿದ್ದರು.

ಪ್ಯಾರಾಬೆನ್‌ನ ಹೆಸರು ಕೆಟ್ಟದ್ದು ಅಲರ್ಜಿಯಿಂದಲ್ಲ, ಹಾರ್ಮೋನಿನ ದಾರಿಯಿಂದ. 1998ರಲ್ಲಿ ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಎಡ್ವಿನ್ ರೂಟ್ಲೆಜ್ ಮತ್ತು ಸಂಗಡಿಗರು ಪ್ಯಾರಾಬೆನ್‌ಗಳು ಈಸ್ಟ್ರೋಜನ್ ಹಾರ್ಮೋನಿನಂತೆ ಕ್ಷೀಣವಾಗಿ ವರ್ತಿಸುತ್ತವೆ ಎಂದು ತೋರಿಸಿದರು. ಅವರ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಬಲವಾಗಿ ಕಂಡ ಬ್ಯೂಟೈಲ್ ರೂಪವೂ ದೇಹದ ಸ್ವಂತ ಈಸ್ಟ್ರೋಜನ್ನಿಗಿಂತ ಸುಮಾರು 10,000 ಪಟ್ಟು ದುರ್ಬಲ. 2004ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು 20 ಸ್ತನಗಡ್ಡೆಗಳ ಮಾದರಿಗಳಲ್ಲಿ ಪ್ಯಾರಾಬೆನ್ ಅಂಶ ಅಳೆದು ಪ್ರಕಟಿಸಿದರು. ಇಷ್ಟರಲ್ಲಾಗಲೇ ಕಂಕುಳಿಗೆ ಹಚ್ಚುವ ಡಿಯೋಡರೆಂಟಿನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಈಮೇಲ್ ವದಂತಿ ಹಲವು ದೇಶ ಸುತ್ತಿತ್ತು. ವದಂತಿಗೆ ಈಗ ಒಂದು ಪ್ರಯೋಗಶಾಲೆಯ ವಿಳಾಸ ಸಿಕ್ಕಿದಂತಾಯಿತು.

ಈ ಅಧ್ಯಯನವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಚರ್ಮಕ್ಕೆ ಹಚ್ಚಿದ್ದು ದೇಹದೊಳಗೆ ಪೂರ್ತಿ ಕರಗಿ ಹೋಗುತ್ತದೆ ಎಂದು ನಂಬಿದ್ದವರಿಗೆ ಅದು ಹಾಗಲ್ಲ ಎಂದು ಹೇಳಿತು. ಹೆಂಗಸರ ದೇಹದ ಮೇಲೆ ದಿನಾ ಹತ್ತಾರು ವಸ್ತುಗಳನ್ನು ಹಚ್ಚಿಸುವ ಉದ್ಯಮಕ್ಕೆ ಇಂಥ ಪ್ರಶ್ನೆ ಬೀಳಲೇಬೇಕಿತ್ತು. ಆದರೆ ಅಧ್ಯಯನ ಹೇಳದೇ ಇದ್ದದ್ದನ್ನು ಜನ ಕೇಳಿಸಿಕೊಂಡರು. ಗಡ್ಡೆಯಲ್ಲಿ ಪ್ಯಾರಾಬೆನ್ ಇತ್ತು ಎಂದರೆ ಗಡ್ಡೆ ಪ್ಯಾರಾಬೆನ್‌ನಿಂದ ಆಯಿತು ಎಂದಲ್ಲ. ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಕೆ ಅಲ್ಲಿರಲಿಲ್ಲ. 2012ರಲ್ಲಿ ಡಾರ್ಬ್ರೆಯವರೂ ಇದ್ದ ತಂಡ 40 ಮಹಿಳೆಯರ 160 ಮಾದರಿಗಳನ್ನು ಪರೀಕ್ಷಿಸಿದಾಗ 158ರಲ್ಲಿ ಯಾವುದಾದರೊಂದು ಪ್ಯಾರಾಬೆನ್ ಸಿಕ್ಕಿತು. ಅವರಲ್ಲಿ ಏಳು ಮಂದಿ ತಾವು ಬದುಕಿನಲ್ಲಿ ಎಂದೂ ಕಂಕುಳಿಗೆ ಪ್ರಸಾಧನ ಬಳಸಿಲ್ಲ ಎಂದಿದ್ದರು. ಅವರಲ್ಲೂ ಅದು ಇತ್ತು. ಅಂದರೆ ಡಿಯೋಡರೆಂಟಿನಾಚೆಗೂ ದಾರಿಗಳಿವೆ.

ಯುರೋಪಿನ ನಿಯಂತ್ರಕರು ಹಿಡಿದದ್ದು ಮಧ್ಯದ ಹಾದಿ. ಡೆನ್ಮಾರ್ಕ್ 2011ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಉತ್ಪನ್ನಗಳಲ್ಲಿ ಪ್ರೋಪೈಲ್ ಮತ್ತು ಬ್ಯೂಟೈಲ್ ರೂಪಗಳನ್ನು ನಿಷೇಧಿಸಿತು. 2014ರಲ್ಲಿ ಯುರೋಪಿಯನ್ ಒಕ್ಕೂಟ, ಸುರಕ್ಷೆಯ ಮಾಹಿತಿಯೇ ಸಾಲದಾಗಿದ್ದ ಐದು ಪ್ಯಾರಾಬೆನ್‌ಗಳನ್ನು ತೆಗೆದುಹಾಕಿ, ಪ್ರೋಪೈಲ್-ಬ್ಯೂಟೈಲ್‌ಗಳ ಮಿತಿಯನ್ನು ಶೇ. 0.14ಕ್ಕೆ ಇಳಿಸಿ, ಮೀಥೈಲ್ ಮತ್ತು ಈಥೈಲ್ ರೂಪಗಳನ್ನು ಹಳೆಯ ಶೇ. 0.4ರ ಮಿತಿಯಲ್ಲೇ ಬಿಟ್ಟಿತು. ಒಂದು ಕುಟುಂಬದ ಸದಸ್ಯರನ್ನು ಒಬ್ಬೊಬ್ಬರಾಗಿ ವಿಚಾರಿಸಿದ ತೀರ್ಪು ಇದು. ಮಾರುಕಟ್ಟೆಗೆ ಅಷ್ಟು ತಾಳ್ಮೆ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಒಂದೇ ಪದ, ‘ಫ್ರೀ’.

ಪ್ಯಾರಾಬೆನ್ ತೆಗೆದರೂ ಡಬ್ಬಿಯಲ್ಲಿನ ನೀರು ಹಾಗೇ ಇತ್ತು. ಅದನ್ನು ಯಾರಾದರೂ ಕಾಯಬೇಕಲ್ಲ. ಆ ಕೆಲಸಕ್ಕೆ ಬಂದವರಲ್ಲಿ ಎಂಐ ಮುಖ್ಯ. ಹಿಂದಿನ ಮಿಶ್ರಣದಲ್ಲಿ ಎಂಸಿಐ ದೊಡ್ಡ ಅಪರಾಧಿ, ಎಂಐ ಸಾಧು ಎಂದು ತಜ್ಞರು ಭಾವಿಸಿದ್ದರು. 2005ರಲ್ಲಿ ಯುರೋಪು ಎಂಐ ಒಂದನ್ನೇ ಹತ್ತು ಲಕ್ಷದಲ್ಲಿ 100 ಪಾಲಿನವರೆಗೆ ಬಳಸಲು ಬಿಟ್ಟಿತು. ಅದು ಸಾಧುವಾದ್ದರಿಂದಲೇ ಕಾಯುವ ಬಲವೂ ಕಡಿಮೆ, ಅದಕ್ಕೇ ಹೆಚ್ಚು ಬೇಕು ಎಂಬ ವಾದ. ಮಿಶ್ರಣದ 15 ಪಾಲಿನಲ್ಲಿ ಎಂಐ ಇದ್ದದ್ದು ನಾಲ್ಕು ಪಾಲಿಗೂ ಕಡಿಮೆ; ಈಗ ಅದರ 25 ಪಟ್ಟಿಗೂ ಹೆಚ್ಚು. ಈ ಅನುಮತಿಗೆ ಪ್ಯಾರಾಬೆನ್ ಭಯವೊಂದೇ ಕಾರಣ ಎಂದರೆ ಅತಿ ಸರಳ ಮಾಡಿದಂತೆ. ಆದರೆ ಶಾಂಪೂ, ಲೋಷನ್ನು, ಒದ್ದೆ ಒರಸುಬಟ್ಟೆಗಳ ತಯಾರಕರು ಬದಲಿಗಾಗಿ ಹುಡುಕುತ್ತಿದ್ದ ಹೊತ್ತಿಗೆ ಸರಿಯಾಗಿ ಅದು ಅವರ ಕೈಗೆ ಸಿಕ್ಕಿತು.

2010ರ ನಂತರ ಡೆನ್ಮಾರ್ಕ್, ಬ್ರಿಟನ್ ಮುಂತಾದ ಕಡೆಯ ಚರ್ಮ ಚಿಕಿತ್ಸಾಲಯಗಳಿಂದ ವರದಿಗಳು ಒಂದರ ಹಿಂದೊಂದು ಬರತೊಡಗಿದವು. ಮುಖ ಊದಿಕೊಂಡವರು, ಕೈ ಒಡೆದವರು, ಹೊಸದಾಗಿ ಗೋಡೆಗೆ ಬಣ್ಣ ಹೊಡೆಸಿದ ಮನೆಯೊಳಗೆ ಕಾಲಿಟ್ಟರೆ ಮುಖವೆಲ್ಲ ಉರಿಯೇಳುವವರು. ಎಂಐ ಗೋಡೆಯ ಬಣ್ಣದಲ್ಲೂ ಇತ್ತು, ಆವಿಯಾಗಿ ಗಾಳಿಗೆ ಬರುತ್ತಿತ್ತು. ಅಲರ್ಜಿ ಒಮ್ಮೆ ಕಲಿತ ಪಾಠದ ಹಾಗೆ, ದೇಹ ಅದನ್ನು ಮರೆಯುವುದಿಲ್ಲ. 2014ರಲ್ಲಿ ಮಕ್ಕಳ ವೈದ್ಯಕೀಯದ ಅಮೆರಿಕನ್ ಪತ್ರಿಕೆಯೊಂದರಲ್ಲಿ ಆರು ಮಕ್ಕಳ ಕತೆ ಬಂತು. ಬಾಯಿಯ ಸುತ್ತ, ಕುಂಡೆಯ ಮೇಲೆ ಕೆಂಪಗೆ ಒಡೆದ ಚರ್ಮ. ಇಸಬು, ಸೋಂಕು ಎಂದೆಲ್ಲ ಮದ್ದು ಮಾಡಿದರೂ ಹೋಗದ್ದು. ಕಾರಣ ತಾಯಂದಿರು ಊಟವಾದ ಮೇಲೆ, ಮಲವಿಸರ್ಜನೆಯಾದ ಮೇಲೆ ಒರೆಸುತ್ತಿದ್ದ ಒದ್ದೆ ವೈಪ್ಸ್. ಅದನ್ನು ಬಿಟ್ಟ ಮೇಲೆ ಮಕ್ಕಳು ಗುಣವಾದರು. 2013ರಲ್ಲಿ, ಮೊದಲು ಹೇಳಿದ ಅದೇ ಸಂಘ ಎಂಐಗೆ ‘ವರ್ಷದ ಅಲರ್ಜಿಕಾರಕ’ ಬಿರುದು ಕೊಟ್ಟಿತ್ತು. ಯುರೋಪಿನಲ್ಲಿ ಹಚ್ಚಿ ಹಾಗೇ ಬಿಡುವ ಉತ್ಪನ್ನಗಳಲ್ಲಿ ಅದರ ನಿಷೇಧ ಜಾರಿಗೆ ಬಂದದ್ದು 2017ರಲ್ಲಿ. ತೊಳೆದು ಹಾಕುವವುಗಳಲ್ಲಿ ಮಿತಿ 15 ಪಾಲಿಗೆ ಇಳಿಯಿತು.

ಇನ್ನು ಕೆಲವರು ಹಿಡಿದದ್ದು ‘ನೈಸರ್ಗಿಕ’ದ ದಾರಿ. ಅದರಲ್ಲಿ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ದ್ರಾಕ್ಷಿಗೂ ಸಂಬಂಧವಿಲ್ಲದ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನ ಬೀಜದ ಸಾರ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ ಎಂದು ಹೆಸರಾಗಿತ್ತು. ಜರ್ಮನಿಯ ಸಂಶೋಧಕರು 1999ರಲ್ಲಿ ಮಾರುಕಟ್ಟೆಯ ಆರು ಸಾರಗಳನ್ನು ಪರೀಕ್ಷಿಸಿದರು. ಐದು ಕೊಲ್ಲುತ್ತಿದ್ದವು, ಆ ಐದರಲ್ಲೂ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕೃತಕ ರಾಸಾಯನಿಕ ಸಿಕ್ಕಿತು, ಮೂರರಲ್ಲಿ ಟ್ರೈಕ್ಲೋಸಾನ್ ಮತ್ತು ಮೀಥೈಲ್ ಪ್ಯಾರಾಬೆನ್ ಕೂಡ. ಕೃತಕವೇನೂ ಇಲ್ಲದ ಆರನೆಯ ಸಾರ ಯಾವ ಜೀವಿಯನ್ನೂ ಕೊಲ್ಲಲಿಲ್ಲ. ಇನ್ನು ಏನನ್ನೂ ಹಾಕದೆ ಮನೆಯಲ್ಲೇ ಮಾಡಿದ್ದು ಎಂದು ಲೋಳೆಸರದ ಜೆಲ್ಲನ್ನು ಬಾಟಲಿಗೆ ತುಂಬಿ ಊರಿಂದೂರಿಗೆ ಕೊರಿಯರ್ ಮಾಡುವವರು ನಮ್ಮ ನಡುವೆಯೇ ಇದ್ದಾರೆ. ಲೋಳೆಸರ ಬಹುಪಾಲು ನೀರು. ಗಿಡದಿಂದ ಮುರಿದು ಆಗಲೇ ಹಚ್ಚುವುದು ಬೇರೆ, ಬೇಸಿಗೆಯಲ್ಲಿ ಮೂರು ದಿನ ಗೋದಾಮಿನಲ್ಲಿದ್ದು ಬರುವುದು ಬೇರೆ. ಅಜ್ಜಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು. ಕಲಸಿದ ಸೀಗೆಯನ್ನು ಅವರು ನಾಳೆಗೆ ಎತ್ತಿಡುತ್ತಿರಲಿಲ್ಲ.

ಈಗ ಹೆಚ್ಚಿನ ಬಾಟಲಿಗಳ ಹಿಂದೆ ಕಾಣುವ ಹೆಸರು ಫೀನಾಕ್ಸಿಎಥೆನಾಲ್. ಯುರೋಪಿನಲ್ಲಿ ಅದಕ್ಕೆ ಶೇ. 1ರವರೆಗೆ ಅನುಮತಿ ಇದೆ, ಅಲರ್ಜಿ ತರುವುದು ತೀರಾ ಅಪರೂಪ. ಫ್ರಾನ್ಸಿನ ಔಷಧ ಸುರಕ್ಷಾ ಸಂಸ್ಥೆ 2012ರಲ್ಲಿ, ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚುವ ಉತ್ಪನ್ನಗಳಲ್ಲಿ ಅದು ಬೇಡ ಎಂದು ಸಲಹೆ ಮಾಡಿತು. ಯುರೋಪಿನ ವೈಜ್ಞಾನಿಕ ಸಮಿತಿ 2016ರಲ್ಲಿ ಮರುಪರಿಶೀಲಿಸಿ, ಎಲ್ಲ ವಯಸ್ಸಿನವರಿಗೂ ಸುರಕ್ಷಿತ ಎಂದಿತು. ‘ಫೀನಾಕ್ಸಿಎಥೆನಾಲ್ ಫ್ರೀ’ ಎಂದು ಬರೆದ ಬಾಟಲಿಗಳು ಅಂಗಡಿಗಳಿಗೆ ಆಗಲೇ ಬಂದಿವೆ.